ನಾಲ್ಕನೆಯ ಕೀಲಿಮಣೆ

೧೯ ಜನವರಿ ೨೦೨೫, ರವಿವಾರ

ಈ ಡೈರಿ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದದ್ದು. ಹೊಸ ವರ್ಷಕ್ಕೆ ಗಿರಾಕಿಗಳಿಗೆ ಹಂಚಿ ಉಳಿದದ್ದನ್ನು ಯಜಮಾನರಾದ ಶಾಂತಿನಾಥ ಕಾಕಾ ಆಸ್ಪತ್ರೆಗೇ ತಂದುಕೊಟ್ಟರು. ಬಾಯಿಂದ ಆಗದ್ದನ್ನು ಇದರಲ್ಲಿ ಬರೆದು ಹಾಕು, ಇಲ್ಲದಿದ್ದರೆ ನಿನ್ನ ಹೊಟ್ಟೆ ಒಡೆದೀತು ಅಂದರು. ಎಂಟು ವರ್ಷದಿಂದ ಅವರ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ ಜೋಡಿಸುತ್ತ ನಾನು ಎಷ್ಟು ಮಾತಾಡಿದ್ದೇನೆ ಎಂಬುದು ಅವರ ಕಿವಿಗೇ ಗೊತ್ತು.

ಈಗ ಮಾತಿಲ್ಲ. ಕೊರಳಿನ ಥೈರಾಯ್ಡ್ ಗಂಟು ತೆಗೆದರು, ಗಂಟಿನ ಜೊತೆ ದನಿಯೂ ಹೋಯಿತು. ಬಾಯಿ ತೆರೆದರೆ ಪಂಕ್ಚರ್ ಆದ ಸೈಕಲ್ಲಿನ ಹಾಗೆ ಗಾಳಿ ಬರುತ್ತದೆ. ಹೀಗೂ ಆಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ದನಿಯ ನರ ಬಳಲಿದೆಯಂತೆ. ಆರು ತಿಂಗಳೊಳಗೆ ದನಿ ಬಂದರೂ ಬರಬಹುದು, ಬಾರದೆಯೂ ಇರಬಹುದು. ಪಿಸುಗುಟ್ಟಲೂ ಬೇಡ ಅಂದಿದ್ದಾರೆ.

ಇವತ್ತು ಖಾನಾಪುರದ ಸಂತೆ. ಜಾಂಬೋಟಿಯಾಚೆ ಕಾಡಿನ ಅಂಚಿನಲ್ಲಿರುವ ನಮ್ಮ ಊರಿನಲ್ಲಿ ರೇಂಜ್ ಸಿಗುವುದಿಲ್ಲ. ಆವಯ್ ಸಂತೆಯಲ್ಲಿ ಒಣಗಿಸಿದ ಮುರುಗಲ ಸಿಪ್ಪೆಯ ಆಮಸೂಲ, ಗೆಣಸು ಹರವಿಕೊಂಡು ಕೂತಾಗಲೇ ನನಗೆ ಫೋನ್ ಮಾಡುವುದು. ಆವಯ್ ಎಂಬ ಶಬ್ದವನ್ನು ಇವತ್ತೇ ಮೊದಲ ಸಲ ಬರೆದೆ. ನಮ್ಮ ಕೊಂಕಣಿಯಲ್ಲಿ ಅವ್ವನಿಗೆ ಹೀಗನ್ನುತ್ತೇವೆ. ಬರೆದ ಮೇಲೆ ಯಾರೋ ಬೇರೆ ಊರಿನ ಹೆಂಗಸಿನ ಹೆಸರಿನ ಹಾಗೆ ಕಾಣುತ್ತಿದೆ.

ಅವಳಿಗೆ ಬರುವುದು ಸಂತೆಯ ಕನ್ನಡ. ತಗೋರಿ, ಕೊಡ್ರಿ, ಆಗೂದಿಲ್ರಿ, ಇಷ್ಟೇ. ನನ್ನ ಗಂಡ ಪ್ರಸಾದನಿಗೆ ಕೊಂಕಣಿ ಒಂದಕ್ಷರ ಬಾರದು. ಇವತ್ತು ಅವನೇ ಫೋನೆತ್ತಿ ಆರಾಮ ಅದೀರಿ ಅಂದ. ಆರಾಮ ರೀ ಅಂದಳು. ಅಲ್ಲಿಗೆ ಮುಗಿಯಿತು. ರೂಪಾಲಿಗೆ ಗಂಟಲು ನೋವು, ಆಮೇಲೆ ಮಾತಾಡುತ್ತಾಳೆ ಎಂದು ಹೇಳಿದ್ದು ಅವಳಿಗೆ ಎಷ್ಟು ತಿಳಿಯಿತೋ.

ನಿಜ ಹೇಳಬಾರದೆಂದು ಪ್ರಸಾದನಿಂದ ಆಣೆ ಮಾಡಿಸಿಕೊಂಡಿದ್ದೇನೆ. ನನ್ನ ಮದುವೆಯ ದಿನ ಆವಯ್ ಅಂದಿದ್ದಳು, ಕನ್ನಡದವರ ಮನೆಗೆ ಹೋಗುತ್ತೀ, ಆ ಮನೆ ನಿನ್ನ ನಾಲಿಗೆ ತಿಂದುಬಿಡುತ್ತದೆ ನೋಡು ಎಂದು. ಅವಳ ಮಾತು ಖರೆ ಆಯಿತು ಎಂದು ಯಾವ ಬಾಯಿಂದ ಹೇಳಲಿ? ಬಾಯಿಯೇ ಇಲ್ಲ.

೨ ಫೆಬ್ರವರಿ, ರವಿವಾರ

ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಆ ಅಂದೆ. ಇಲ್ಲ.

ಪ್ರಸಾದನ ಹಳೆಯ ಫೋನು ಈಗ ನನ್ನ ಬಾಯಿ. ಕನ್ನಡದಲ್ಲಿ ಒತ್ತಿದರೆ ವಾರ್ತೆ ಓದುವ ಹೆಂಗಸಿನ ದನಿಯಲ್ಲಿ ಹೇಳುತ್ತದೆ. ‘ಅತ್ತೆಯವರೇ, ಸಾರಿಗೆ ಉಪ್ಪು ಕಡಿಮೆಯಾಗಿದೆ’ ಎಂದು ಅದು ಅಂದಾಗ ಅತ್ತೆ ಸೆರಗು ಸರಿಮಾಡಿಕೊಂಡರು.

"ನಿನಗಿಂತ ಇಕಿ ಭಾಳ ಮರ್ಯಾದಿಲೆ ಮಾತಾಡ್ತಾಳವ್ವಾ" ಅಂದರು.

ನಮ್ಮ ಅತ್ತೆ ಸಂಗವ್ವ ಅಂದರೆ ಅನಗೋಳದ ಈ ಗಲ್ಲಿಗೆಲ್ಲ ಗೊತ್ತು. ದನಿ ದೊಡ್ಡದು, ಮನಸ್ಸಿನಲ್ಲಿದ್ದದ್ದು ನಾಲಿಗೆಯ ಮೇಲಿರುತ್ತದೆ. ಎಂಟು ವರ್ಷ ನಾನು ಆವಯ್ ಜೊತೆ ಮಾತಾಡಲು ಫೋನು ಹಿಡಿದು ಮನೆಯ ಮೇಲಿನ ಗಚ್ಚಿಗೆ ಹೋಗುತ್ತಿದ್ದೆ. ತಮ್ಮ ಬಗ್ಗೆ ಏನೋ ಚಾಡಿ ಹೇಳುತ್ತಿದ್ದಾಳೆ ಎಂದು ಅತ್ತೆ ತಿಳಿಯಬಾರದಲ್ಲ. ಹೇಳುತ್ತಿದ್ದದ್ದೂ ಹೌದು.

ಮಧ್ಯಾಹ್ನ ಅದೇ ಫೋನಿನಲ್ಲಿ ಕೊಂಕಣಿ ಒತ್ತಿ ನೋಡಿದೆ. ಒಂದು ಶಬ್ದ ಒತ್ತುವಷ್ಟರಲ್ಲಿ ಅದನ್ನು ಕಿತ್ತು ಹಾಕಿ ತನಗೆ ಗೊತ್ತಿದ್ದ ಕನ್ನಡದ ಶಬ್ದ ಕೂರಿಸುತ್ತದೆ. ಸಾಲಿಯಲ್ಲಿ ಮಾಸ್ತರರೂ ಹೀಗೇ ಮಾಡುತ್ತಿದ್ದರು. ಹಟ ಹಿಡಿದು ಒಂದು ಸಾಲು ಮುಗಿಸಿದರೆ, ಮೂಗಿನಲ್ಲಿ ಹಗುರಾಗಿ ಹೊರಡಬೇಕಾದ ಸ್ವರಗಳನ್ನೆಲ್ಲ ಆ ಹೆಂಗಸು ಬಾಯಿ ಗಟ್ಟಿಯಾಗಿ ಮುಚ್ಚಿ ಓದಿದಳು. ಅದು ನಮ್ಮ ಮಾತು ಎಂದು ನನಗೇ ಗುರುತು ಸಿಗಲಿಲ್ಲ. ಆವಯ್ ಕರೆ ಬಂದಾಗ ಮತ್ತೆ ಪ್ರಸಾದನ ಕೈಗೆ ಕೊಟ್ಟು ಗಚ್ಚಿಗೆ ಹೋಗಿ ಕೂತೆ.

೧೧ ಫೆಬ್ರವರಿ

ಇಲ್ಲ.

೧೭ ಫೆಬ್ರವರಿ, ಸೋಮವಾರ

ಪ್ರೆಸ್ಸಿಗೆ ಹೋದೆ. ಬೆರಳುಗಳಿಗೆ ಏನೂ ಆಗಿಲ್ಲ ಎಂದು ನೋಡಿ ಸಮಾಧಾನವಾಯಿತು. ಇಂಗ್ಲಿಷಿನ ಕೀಲಿಮಣೆ, ಕನ್ನಡದ್ದು, ಮರಾಠಿಯದ್ದು, ಮೂರೂ ಬೆರಳಿನ ತುದಿಯಲ್ಲೇ ಇವೆ. ಯಾವ ಅಕ್ಷರ ಎಲ್ಲಿದೆ ಎಂದು ಕೇಳಿದರೆ ಹೇಳಲಾರೆ, ಕೈ ಮಾತ್ರ ಹೋಗುತ್ತದೆ.

ಊಟದ ಹೊತ್ತಿನಲ್ಲಿ ಕಾಕಾ ತಾಯಿ ಹೇಗಿದ್ದಾರೆ ಎಂದು ಕೇಳಿದರು. ಮಾತಾಡಲು ಆಗುತ್ತಿಲ್ಲ, ನಮ್ಮ ಭಾಷೆಗೆ ಈ ಫೋನಿನಲ್ಲಿ ಅಕ್ಷರ ಸರಿ ಇಲ್ಲ ಎಂದು ಒತ್ತಿದೆ. ಮರಾಠಿಗೆ ಏನು ಕೊರತೆ ಅಂದರು. ಮರಾಠಿ ಅಲ್ಲ, ಕೊಂಕಣಿ ಎಂದು ಒತ್ತಬೇಕಾಯಿತು. ಆ ಹೆಂಗಸು ಅದನ್ನು ಇಡೀ ಪ್ರೆಸ್ಸಿಗೆ ಕೇಳುವಂತೆ ಸಾರಿದಳು. ಕಾಕಾ ಚಪಾತಿ ಕೈಯಲ್ಲೇ ಹಿಡಿದು ನೋಡಿದರು.

"ಎಂಟು ವರ್ಸ ಆತು, ನೀ ಹೇಳೇ ಇಲ್ಲಲ್ಲ" ಅಂದರು.

ಯಾರೂ ಕೇಳಿರಲಿಲ್ಲ ಎಂದು ಒತ್ತಿದೆ. ಅದು ಪೂರ್ತಿ ನಿಜವಲ್ಲ, ಇರಲಿ.

ಊಟವಾದ ಮೇಲೆ ಅವರು ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಕಟ್ಟಿಗೆಯ ಕೇಸು ತೋರಿಸಿದರು. ಸಣ್ಣ ಸಣ್ಣ ಖಾನೆಗಳು. ಒಂದೊಂದರಲ್ಲಿ ಒಂದೊಂದು ಸೀಸದ ಅಕ್ಷರ. ಮರಾಠಿ ಕೆಲಸಕ್ಕೆ ಒಂದು ಬಗೆಯಾಗಿ, ಕನ್ನಡ ಕೆಲಸಕ್ಕೆ ಇನ್ನೊಂದು ಬಗೆಯಾಗಿ ಖಾನೆಗಳನ್ನು ತಾವೇ ಅದಲುಬದಲು ಮಾಡಿಕೊಳ್ಳುತ್ತಿದ್ದರಂತೆ.

"ಅಕ್ಷರದ ಮಣಿ ಮ್ಯಾಲಿಂದ ಬಿದ್ದದ್ದಲ್ಲವಾ. ಯಾರೋ ಕುಂತು ಮಾಡ್ಯಾರ, ನೀನೂ ಕುಂತು ಮಾಡು. ಒಂದ ಮಾತು ನೆನಪಿಡು. ಹೆಚ್ಚಿಗಿ ಬೇಕಾಗೂದು ಎದಿ ಮುಂದ ಇರಬೇಕು."

ಹೇಳುವುದು ಸುಲಭ.

೨೭ ಫೆಬ್ರವರಿ, ಗುರುವಾರ

ಕೀಲಿಗಳನ್ನು ನಾವೇ ಜೋಡಿಸಿಕೊಳ್ಳುವ ಒಂದು ಆ್ಯಪ್ ಸಿಕ್ಕಿದೆ. ಕೀಲಿಯ ಮೇಲೆ ಏನು ಬರೆದಿರಬೇಕು, ಒತ್ತಿದರೆ ಏನು ಹೇಳಬೇಕು, ಎಲ್ಲಿರಬೇಕು, ಎಲ್ಲ ನಮ್ಮ ಇಷ್ಟ. ಅಕ್ಷರದ ಕೀಲಿಯೂ ಆಗುತ್ತದೆ, ಇಡೀ ಮಾತಿನ ಕೀಲಿಯೂ ಆಗುತ್ತದೆ. ಕನ್ನಡದ ಮಣೆಯಲ್ಲಿ ಮೂಲೆಗೆ ಬಿದ್ದಿದ್ದ ನಮ್ಮ ಮೂಗಿನ ಸ್ವರಗಳನ್ನು ಕಾಕಾ ಹೇಳಿದ ಹಾಗೆ ಎದೆ ಮುಂದೆ, ಹೆಬ್ಬೆರಳಿಗೆ ಸಿಗುವಲ್ಲಿ ತಂದು ಕೂರಿಸಿದೆ. ಆ ಹೆಂಗಸು ಹೇಗೆ ಓದಿದರೆ ನಮ್ಮ ಮಾತಿಗೆ ಹತ್ತಿರ ಬರುತ್ತದೋ ಹಾಗೆ ಅಕ್ಷರಗಳನ್ನು ತಿರುಚಿ ತಿರುಚಿ ಹಾಕಿದ್ದೇನೆ. ಮೂರು ಭಾಷೆ ಗೊತ್ತಿದ್ದ ಕೈಗೆ ಈಗ ನಾಲ್ಕನೆಯದು.

ಇಡೀ ಮಾತಿನ ಕೀಲಿಗಳದ್ದೇ ಕಷ್ಟ. ಯಾವ ಮಾತು ಹಾಕಲಿ? ನಮ್ಮ ಭಾಷೆ ಬರೆದದ್ದನ್ನು ನಾನು ಎಲ್ಲಿ ನೋಡಿದ್ದೇನೆ? ಕೂತು ಯೋಚಿಸಿ ಒಂದಿಷ್ಟು ಬರೆದೆ. ತೀರ್ಥರೂಪ ಮಾತೋಶ್ರೀಯವರಿಗೆ ನಮಸ್ಕಾರ, ನಾವೆಲ್ಲ ಕ್ಷೇಮ, ನಿಮ್ಮ ಆಶೀರ್ವಾದವಿರಲಿ, ಇಂಥವೇ. ಕೊಂಕಣಿಯಲ್ಲೇ ಬರೆದೆ, ಆದರೂ ಓದಿದರೆ ಲಗ್ನಪತ್ರಿಕೆ. ಕೆಳಗೆ ‘ಉಡುಗೊರೆ ಸ್ವೀಕರಿಸಲಾಗುವುದಿಲ್ಲ’ ಎಂದು ಹಾಕುವುದೊಂದು ಬಾಕಿ. ಆಗಲಿ, ಸದ್ಯಕ್ಕೆ ಸಾಕು.

ಪಡಸಾಲೆಯಲ್ಲಿ ಕೂತು ಒತ್ತಿ ಒತ್ತಿ ಕೇಳುತ್ತಿದ್ದೆ. ಅತ್ತೆ ಅಕ್ಕಿ ಹಸನು ಮಾಡುತ್ತಿದ್ದವರು ತಲೆಯೆತ್ತಿ ಅದೇನು ಹಾಗಂದರೆ ಎಂದು ಕೇಳಿದರು. ಈ ಮನೆಯಲ್ಲಿ ಕೊಂಕಣಿ ಗಟ್ಟಿಯಾಗಿ ಕೇಳಿದ್ದು ಇದೇ ಮೊದಲು. ಅರ್ಥ ಹೇಳಿದೆ. ಹಂಗ, ಅಂದರು, ಮತ್ತೆ ಅಕ್ಕಿಗೆ ತಿರುಗಿದರು.

೯ ಮಾರ್ಚ್, ರವಿವಾರ

ಎಲ್ಲ ಹಾಳಾಯಿತು.

ಆವಯ್ ಕರೆ ಬಂದಿತು. ನನ್ನ ಫೋನಿನ ಸ್ಪೀಕರ್ ಹಾಕಿ, ಪಕ್ಕದಲ್ಲಿ ಬಾಯಿ-ಫೋನು ಇಟ್ಟು, ಮೊದಲ ಕೀಲಿ ಒತ್ತಿದೆ. ತೀರ್ಥರೂಪ ಮಾತೋಶ್ರೀಯವರಿಗೆ ಎಂದು ಶುರುವಾಗುವಷ್ಟರಲ್ಲಿ ಆವಯ್ ಫೋನ್ ಇಟ್ಟುಬಿಟ್ಟಳು. ಕಂಪನಿಯವರು ರಿಚಾರ್ಜ್ ಮಾಡಿಸಿ ಎಂದು ಮಾಡುತ್ತಾರಲ್ಲ, ಹಾಗೆ ತಿಳಿದಿರಬೇಕು. ಮತ್ತೆ ಮಾಡಿದಳು. ಮತ್ತೆ ಅದೇ ಕೀಲಿ, ಮತ್ತೆ ಇಟ್ಟಳು. ಮೂರನೆಯ ಸಲ ಮಾತಾಡಿದವಳು ಆವಯ್ ಅಲ್ಲ, ಅವಳ ಪಕ್ಕದಲ್ಲಿ ಬಳೆ ಮಾರುವ ಪದ್ಮವ್ವ. ಪದ್ಮವ್ವನಿಗೆ ಕನ್ನಡ, ಮರಾಠಿ, ಕೊಂಕಣಿ ಎಲ್ಲ ಬರುತ್ತದೆ. ಅಳಿಯಂದಿರ ಮನೆಯಲ್ಲಿ ಬೇರೆ ಯಾವಳೋ ಹೆಂಗಸಿದ್ದಾಳಂತಲ್ಲ, ನನ್ನ ಮಗಳು ಎಲ್ಲಿ ಎಂದು ಸಾತವ್ವ ಕೇಳುತ್ತಿದ್ದಾಳೆ, ಅಂದಳು. ಸಾತವ್ವ ಅಂದರೆ ಆವಯ್, ಸಂತೆಯಲ್ಲಿ ಕನ್ನಡದವರು ಅವಳನ್ನು ಹಾಗೇ ಕರೆಯುವುದು.

ಪ್ರಸಾದನ ಮುಖ ನೋಡಬೇಕಿತ್ತು. ನಗು ಬರುತ್ತಿತ್ತು, ನಗಲೂ ದನಿ ಬೇಕಲ್ಲ. ಬೇರೆ ಯಾವಳೂ ಇಲ್ಲ ಎಂದು ಸಾಧಿಸಲು ಹೋಗಿ ಅವನು ಆಣೆ ಮುರಿದ. ಆಪರೇಷನ್ ಆಯಿತು, ದನಿ ಹೋಗಿದೆ, ಅದು ಮಶೀನಿನ ಮಾತು, ಎಲ್ಲ ಹೇಳಿಬಿಟ್ಟ. ಪದ್ಮವ್ವ ಅದನ್ನು ಸಂತೆಯ ನಡುವೆ ಆವಯ್‌ಗೆ ಕೊಂಕಣಿಯಲ್ಲಿ ಹೇಳುವುದು ನನಗೆ ಕೇಳಿಸುತ್ತಿತ್ತು. ಆಮೇಲೆ ಯಾರೋ ಬೆಲೆ ಕೇಳುತ್ತಿದ್ದರು. ಫೋನ್ ನಿಂತಿತು.

೧೬ ಮಾರ್ಚ್, ರವಿವಾರ

ಕರೆ ಬರಲಿಲ್ಲ. ನಾವು ಮಾಡಿದರೆ ಸ್ವಿಚ್ ಆಫ್.

೨೩ ಮಾರ್ಚ್, ರವಿವಾರ

ಇವತ್ತೂ ಇಲ್ಲ. ಇದು ದನಿಯ ಬಗ್ಗೆ ಬರೆದದ್ದಲ್ಲ.

ಆ ಮನೆ ನಾಲಿಗೆ ತಿಂದುಬಿಟ್ಟಿತು ಎಂದು ಕೂತಿರಬೇಕು. ಹೇಳಿದ ಮಾತು ಕೇಳದ ಮಗಳ ಜೊತೆ ಇನ್ನೇನು ಮಾತು ಎಂದು ಕೂತಿರಬೇಕು. ಪ್ರಸಾದ ಬೈಕಿನ ಮೇಲೆ ಊರಿಗೇ ಹೋಗೋಣ ಅಂದ. ಅಷ್ಟು ದೂರದ ಧೂಳು ಗಂಟಲಿಗೆ ಆಗದು ಎಂದು ನೆಪ ಹೇಳಿದೆ. ಅವಳ ಮುಂದೆ ಬಾಯಿ ತೆರೆದು ಬರೀ ಗಾಳಿ ಬಿಡುವ ಧೈರ್ಯ ನನಗಿಲ್ಲ.

೩೦ ಮಾರ್ಚ್, ರವಿವಾರ, ಯುಗಾದಿ

ಆವಯ್ ಫೋನ್ ಮಾಡಿದಳು. ಹಬ್ಬದ ದಿನ ಮಗಳನ್ನು ಬಿಡಲಾಗಲಿಲ್ಲ ಅವಳಿಗೆ.

‘ಹಾಂವ್ ಹಾಂಗಾಚ್ ಆಸಾಂ’ ಎಂಬ ಕೀಲಿ ಒತ್ತಿದೆ. ನಾನು ಇಲ್ಲೇ ಇದ್ದೇನೆ ಎಂದು. ಈ ಸಲ ಅವಳು ಇಡಲಿಲ್ಲ. ಮಾತಾಡತೊಡಗಿದಳು. ಗೇರುಬೀಜ ಈ ಸಲ ಸಣ್ಣದು, ಅಣ್ಣನ ಎಮ್ಮೆ ಈದಿದೆ, ಗಂಡುಕರು. ನಾನು ಅಕ್ಷರ ಹುಡುಕಿ ಹುಡುಕಿ ಎಮ್ಮೆ ಹಾಲು ಎಷ್ಟು ಕೊಡುತ್ತದೆ ಎಂದು ಒತ್ತುತ್ತಿದ್ದೆ. ಅಷ್ಟರಲ್ಲಿ ಅವಳು ಹಲೋ ಅಂದಳು. ಹಲೋ, ಹಲೋ, ಲೈನ್ ಹೋಯಿತು ಎಂದು ಇಟ್ಟುಬಿಟ್ಟಳು.

ಮತ್ತೆ ಮಾಡಿದಳು. ಯಾರದೋ ಸೊಸೆಯ ಕಾಯಿಲೆಯ ಸುದ್ದಿ ಹೇಳುತ್ತಿದ್ದಾಗ ನನ್ನ ಎಮ್ಮೆಯ ಹಾಲಿನ ಪ್ರಶ್ನೆ ಸಿದ್ಧವಾಗಿ ಹೊರಗೆ ಬಿತ್ತು. ಆವಯ್ ಗಾಬರಿಯಾಗಿ ಸುಮ್ಮನಾದಳು. ನಾನೂ ಒತ್ತುತ್ತ ಸುಮ್ಮನೆ. ಮತ್ತೆ ಹಲೋ, ಮತ್ತೆ ಲೈನ್ ಹೋಯಿತು. ಲೈನ್ ಎಲ್ಲಿಯೂ ಹೋಗಿರಲಿಲ್ಲ. ಕೊನೆಗೆ ನಿನಗೆ ಕಷ್ಟ, ಇರಲಿ ಬಿಡು ಎಂದು ಅವಳೇ ಮುಗಿಸಿದಳು. ಅತ್ತುಬಿಟ್ಟೆ. ಅಕ್ಷರ ಎಲ್ಲ ಇವೆ, ಎದೆ ಮುಂದೆಯೇ ಇವೆ. ಆದರೂ ತಾಯಿ-ಮಗಳ ನಡುವೆ ಎರಡು ಮಾತು ನಡೆಯುವುದಿಲ್ಲ. ಹೋಳಿಗೆ ತಿನ್ನಲು ಮನಸ್ಸಾಗಲಿಲ್ಲ. ಅತ್ತೆ ತುಪ್ಪ ಹಾಕಿ ತಂದು ಎದುರಿಗೆ ಕೂತರು, ತಿನ್ನಬೇಕಾಯಿತು.

೨ ಏಪ್ರಿಲ್, ಬುಧವಾರ

ಸಂಜೆ ಪ್ರಸಾದ ಉದ್ಯಮಬಾಗದ ಫೌಂಡ್ರಿಯಿಂದ ಬಂದು ಚಹಾ ಕುಡಿಯುತ್ತಿದ್ದ. ಅತ್ತೆ ಗಲ್ಲಿಯ ನಳದ ಜಗಳದ ಕಥೆ ಹೇಳುತ್ತಿದ್ದರು. ಅವನು ತಲೆಯಾಡಿಸುತ್ತಿದ್ದ, ಕೇಳುತ್ತಲೂ ಇದ್ದ. ಅತ್ತೆ ನಡುವೆ ನಿಲ್ಲಿಸಿಬಿಟ್ಟರು.

"ಹೂಂ ಅನ್ನೋ ಮಾರಾಯಾ. ಗ್ವಾಡಿ ಮುಂದ ಹೇಳಾಕತ್ತೇನೇನ ನಾ?"

ನನ್ನ ಕೈಯಲ್ಲಿದ್ದ ಕಪ್ಪು ಹಾಗೇ ನಿಂತಿತು.

ನಮ್ಮ ಊರಲ್ಲಿ ಮಳೆ ಹಿಡಿದರೆ ಹೊರಗಿನ ಕೆಲಸವಿಲ್ಲ. ಒಲೆಯ ಸುತ್ತ ಕೂತು ಹಲಸಿನ ಬೀಜ ಸುಲಿಯುತ್ತ ಆವಯ್ ಕಥೆ ಹೇಳುತ್ತಿದ್ದಳು. ಶುರು ಮಾಡುವ ಮೊದಲು ಹೂಂ ಯಾರದು ಎಂದು ಕೇಳುತ್ತಿದ್ದಳು. ಒಬ್ಬರು ಒಪ್ಪಿಕೊಳ್ಳಬೇಕು. ಒಪ್ಪಿದವರು ಪ್ರತಿ ಮಾತಿಗೂ ಹೂಂ ಅನ್ನಬೇಕು, ಮಾಗಿರ್ ಅನ್ನಬೇಕು, ಆಮೇಲೆ ಎಂದು ಅರ್ಥ. ಅವರು ಸುಮ್ಮನಾದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. ಉಳಿದವರು ಎಷ್ಟು ಬೇಡಿಕೊಂಡರೂ ಮುಂದೆ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹೂಂ ಯಾವಾಗಲೂ ನನ್ನದು. ಅಣ್ಣ ನಿದ್ದೆ ಹೋಗುತ್ತಿದ್ದ, ನಾನು ಹೋಗುತ್ತಿರಲಿಲ್ಲ.

ಆವಯ್‌ಗೆ ನನ್ನ ಪ್ರಶ್ನೆ ಬೇಕಾಗಿರಲಿಲ್ಲ, ನಮಸ್ಕಾರವಂತೂ ಬೇಡವೇ ಬೇಡ. ಅವಳಿಗೆ ಬೇಕಿದ್ದದ್ದು ಹೂಂ. ಹೆಚ್ಚಿಗೆ ಬೇಕಾಗುವುದನ್ನೇ ಬಿಟ್ಟು ಉಳಿದದ್ದೆಲ್ಲವನ್ನೂ ಎದೆ ಮುಂದೆ ಇಟ್ಟುಕೊಂಡಿದ್ದೆ. ಯಾರೂ ಅದನ್ನು ಬರೆಯುವುದಿಲ್ಲವಲ್ಲ, ಅಚ್ಚಿನವಳಿಗೆ ಹೊಳೆಯಲಿಲ್ಲ.

೪ ಏಪ್ರಿಲ್, ಶುಕ್ರವಾರ

ಹೊಸ ಕೀಲಿಗಳನ್ನು ಮಾಡಿದೆ. ದೊಡ್ಡವು, ಮೇಲಿನ ಸಾಲು ಪೂರ್ತಿ. ಹ್ಮ್. ವ್ಹಯ್, ಅಂದರೆ ಹೌದು. ಮಾಗಿರ್? ಖರೆಂ, ಅಂದರೆ ನಿಜವೇ? ಆದರೆ ಹ್ಮ್ ಎಂಬುದನ್ನು ಆ ವಾರ್ತೆಯ ಹೆಂಗಸಿಗೆ ಹೇಳಲು ಬಾರದು. ಹಾ ಮಾ ಎಂದು ಅಕ್ಷರ ಒಪ್ಪಿಸುತ್ತಾಳೆ. ರೆಕಾರ್ಡ್ ಮಾಡಿದ ದನಿಯನ್ನೂ ಕೀಲಿಗೆ ಹಾಕಬಹುದು, ಇದಕ್ಕೆ ಮನುಷ್ಯರ ದನಿಯೇ ಬೇಕು.

ನನ್ನದೇ ಹಳೆಯ ದನಿ ಎಲ್ಲಾದರೂ ಇದ್ದೀತೆಂದು ಫೋನೆಲ್ಲ ಜಾಲಾಡಿದೆ. ಇವೆ, ಬೇಕಾದಷ್ಟಿವೆ. ಕಾಕಾಗೆ ಕಳಿಸಿದವು, ಪ್ರಸಾದನಿಗೆ, ಗಿರಾಕಿಗಳಿಗೆ. ಎಲ್ಲ ಕನ್ನಡ, ನಾಲ್ಕಾರು ಮರಾಠಿ. ನಮ್ಮ ಭಾಷೆಯಲ್ಲಿ ಒಂದೇ ಒಂದು ಇಲ್ಲ. ಗಚ್ಚಿಯ ಮೇಲೆ ಆಡಿದ್ದೆಲ್ಲ ಗಾಳಿಗೆ ಹೋಯಿತು.

ಅತ್ತೆ ಬಂದು ಏನಾಯಿತೆಂದು ಕೇಳಿದರು. ಹೇಳಿದೆ. ಯಾರಾದರೂ ಕೊಂಕಣಿಯವರನ್ನು ಹುಡುಕಬೇಕು ಎಂದೂ ಒತ್ತಿದೆ. ಅತ್ತೆ ನನ್ನ ಪಕ್ಕದಲ್ಲಿ ಕೂತು ಫೋನಿಗೆ ಕೈ ಚಾಚಿದರು.

"ಹೂಂ ಅನ್ನಾಕ ಯಾವ ಭಾಷಾ ಬೇಕವ್ವಾ? ತಾ ಇಲ್ಲಿ."

ಹ್ಮ್ ಒಂದೇ ಸಲಕ್ಕೆ ಬಂತು. ಮಾಗಿರ್ ಎಂಬುದಕ್ಕೆ ಬೆವರು ಹರಿಯಿತು. ಕೇಳುವ ಹಾಗೆ ಅನ್ನಬೇಕು, ಅತ್ತೆ ಬೈಯುವ ಹಾಗೆ ಅನ್ನುತ್ತಾರೆ. ಎದುರುಮನೆಯವರು ಏನು ಜಗಳ ಎಂದು ಬಂದು ನೋಡಿ ಹೋದರು. ನಾನು ಹುಬ್ಬು ಏರಿಸಿ, ಕತ್ತು ಮುಂದೆ ಮಾಡಿ, ಹೀಗೆ ಎಂದು ತೋರಿಸಿದೆ. ಕೊನೆಗೆ ನನ್ನ ಮುಖ ನೋಡುತ್ತ ನೋಡುತ್ತ ಸರಿಯಾಗಿ ಅಂದರು. ಅಂದು, ತಾವೇ ಖುಷಿಯಾಗಿ ಇನ್ನೆರಡು ಸಲ ಅಂದರು.

೬ ಏಪ್ರಿಲ್, ರವಿವಾರ

ಮಾತಾಡಿದೆವು! ಆವಯ್‌ಗೆ ಬಸ್ಸು ತಪ್ಪುವವರೆಗೆ ಮಾತಾಡಿದೆವು.

ಅವಳು ಒಂದು ಮಾತು ಅಂದಳು, ನಾನು ಹ್ಮ್ ಒತ್ತಿದೆ. ಅವಳು ನಿಂತಳು. ಇನ್ನೊಂದು ಮಾತು, ಮಾಗಿರ್ ಒತ್ತಿದೆ. ಆ ಕಡೆ ಅವಳ ದನಿ ಬದಲಾದದ್ದು ನನಗೆ ಗೊತ್ತಾಯಿತು. ಆಮೇಲೆ ಕಾಲುವೆಯ ನೀರು ಬಿಟ್ಟ ಹಾಗೆ ಹರಿದಳು. ಎಮ್ಮೆ, ಕರು, ಅಣ್ಣ ಹೊಸದಾಗಿ ಹೊದಿಸಿದ ಹಂಚು, ಎಲ್ಲ ಬಂತು. ನಡುನಡುವೆ ನನಗೂ ಒಂದೊಂದು ಶಬ್ದ ಒತ್ತಲು ಹೊತ್ತು ಸಿಕ್ಕಿತು. ಹೂಂ ಇದ್ದರೆ ಅವಳು ಕಾಯುತ್ತಾಳೆ, ಅವಸರ ಮಾಡುವುದಿಲ್ಲ.

ಆ ಎರಡು ರವಿವಾರ ಏಕೆ ಮಾಡಲಿಲ್ಲ ಎಂದು ಒತ್ತಿ ಕೇಳಿದೆ. ತಾನು ಫೋನ್ ಮಾಡಿದರೆ ನಾನು ಮಾತಾಡಲು ಹೋಗಿ ಗಂಟಲು ಹರಿದುಕೊಳ್ಳುತ್ತೇನೆ ಎಂದು ಹೆದರಿ ಫೋನ್ ಬಂದ್ ಮಾಡಿ ಚೀಲದ ತಳಕ್ಕೆ ಇಟ್ಟಿದ್ದಳಂತೆ. ನಾನು ಏನೇನೋ ಬರೆದಿದ್ದೆ ಇಲ್ಲಿ. ಹೊಡೆದು ಹಾಕಿದರೆ ಕಾಗದ ಹಾಳಾಗುತ್ತದೆ, ಇರಲಿ.

ಈ ಹೂಂ ಯಾರದು ಎಂದು ಕೇಳಿದಳು. ನನ್ನದಲ್ಲ ಎಂದು ಮೊದಲನೆಯದಕ್ಕೇ ಗೊತ್ತಾಗಿತ್ತಂತೆ. ಅತ್ತೆಯದು ಎಂದು ಒತ್ತಿದೆ. ಒಳ್ಳೆಯ ಹೂಂ, ಆದರೆ ಸ್ವಲ್ಪ ಹಗುರ ಅನ್ನಲು ಹೇಳು, ಗೂಳಿ ಅಂದ ಹಾಗಿದೆ ಅಂದಳು. ಅತ್ತೆ ಪಕ್ಕದಲ್ಲೇ ಕೂತು ಏನಂದರು ಏನಂದರು ಎಂದು ನನ್ನ ಮೊಣಕೈ ತಿವಿಯುತ್ತಿದ್ದರು. ಒಳ್ಳೆಯ ಹೂಂ ಅಂದಳು ಎಂಬಲ್ಲಿಗೆ ನಿಲ್ಲಿಸಿದೆ.

೨೭ ಏಪ್ರಿಲ್, ರವಿವಾರ

ಖಾನಾಪುರಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ಕಿಟಕಿಯ ಬದಿಯ ಅಜ್ಜಿ ಜಾಂಬೋಟಿ ಕಡೆಯವಳು, ಅವಳ ಜೊತೆ ದಾರಿಯುದ್ದಕ್ಕೂ ಕೀಲಿಮಣೆಯಲ್ಲಿ ಕೊಂಕಣಿ ಮಾತಾಡಿದೆ. ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು, ಸದ್ದು ಜಾಸ್ತಿ ಇಟ್ಟಿದ್ದೆನೇನೋ. ಇಳಿಯುವಾಗ ಬ್ಯಾಟರಿ ಅರ್ಧಕ್ಕೆ ಬಂದಿತ್ತು. ಮುಂದಿನ ಸಲ ಚಾರ್ಜರ್ ಒಯ್ಯಬೇಕು.

ಆವಯ್ ನನ್ನ ಕೊರಳಿನ ಗಾಯದ ಗೆರೆಯನ್ನು ಬೆರಳಿನಿಂದ ಸವರಿ ನೋಡಿದಳು. ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಅತ್ತುಬಿಟ್ಟೆವು. ಪದ್ಮವ್ವ ಎರಡೂ ಅಂಗಡಿ ನೋಡಿಕೊಂಡಳು. ಆಮೇಲೆ ಆವಯ್ ಫೋನು ಕಸಿದುಕೊಂಡು ತಾನೇ ಒತ್ತಿ ನೋಡಲು ಕೂತಳು. ಓದಲು ಬಾರದು, ಆದರೆ ಯಾವ ಜಾಗದಲ್ಲಿ ಯಾವ ಮಾತು ಎಂದು ಒಂದೇ ಸಲಕ್ಕೆ ಹಿಡಿದಳು. ವ್ಹಯ್ ಎಂಬುದಕ್ಕೆ ಆಮಸೂಲದ ಕಡುಗೆಂಪು ಬಣ್ಣ ಹಾಕು ಅಂದಳು, ಹಾಕಿದೆ. ಇಲ್ಲ ಎನ್ನುವ ಕೀಲಿ ಎಲ್ಲಿ ಎಂದು ಕೇಳಿದಳು. ನಾನು ಅದನ್ನು ಮಾಡಿಯೇ ಇರಲಿಲ್ಲ. ಇಲ್ಲ ಅನ್ನಲು ಬಾರದ ಬಾಯಿ ಇಟ್ಟುಕೊಂಡು ಗಂಡನ ಮನೆಯಲ್ಲಿ ಹೇಗೆ ಬಾಳುತ್ತೀ ಎಂದು ಬೈದಳು.

೨೧ ಮೇ, ಬುಧವಾರ

ಬಹಳ ದಿನ ಬರೆದಿಲ್ಲ. ಲಗ್ನದ ಸುಗ್ಗಿ.

ನಮ್ಮ ಕಡೆಯ ಒಬ್ಬರು ಮಗಳ ಮದುವೆಯ ಪತ್ರಿಕೆಗೆ ಬಂದರು. ಎಲ್ಲರ ಹಾಗೆ ಮರಾಠಿಯಲ್ಲೇ ಮಾಡಿಕೊಡಿ ಅಂದರು. ನಮ್ಮ ಮಾತಿನಲ್ಲೇ ಮಾಡಲೇ ಎಂದು ಕೀಲಿ ಒತ್ತಿ ಕೊಂಕಣಿಯಲ್ಲಿ ಕೇಳಿದೆ. ಅವರು ಕುರ್ಚಿಯಿಂದ ಎದ್ದೇ ನಿಂತರು. ಅಚ್ಚಾಗುತ್ತದೆಯೇ ಅದು ಎಂದು ಕೇಳಿದರು. ಕಾಕಾ ಒಳಗಿನಿಂದ ಆಗುತ್ತದೆ, ಯಾಕೆ ಆಗುವುದಿಲ್ಲ ಎಂದು ಕೂಗಿದರು. ಈ ನಡುವೆ ನನ್ನ ಮಣೆಯನ್ನು ಕಂಪ್ಯೂಟರಿಗೂ ಮಾಡಿಕೊಂಡಿದ್ದೆ, ಸಂಜೆಯೊಳಗೆ ಜೋಡಿಸಿದೆ. ತೀರ್ಥರೂಪ, ಮಾತೋಶ್ರೀ ಎಲ್ಲ ಬಿಟ್ಟು, ಮಗಳ ಮದುವೆ ಇದೆ, ಊಟಕ್ಕೆ ಬನ್ನಿ, ಬಂದರೆ ನಮಗೆ ಚೆಂದ ಎಂದು ಮನೆಯಲ್ಲಿ ಕರೆಯುವ ಹಾಗೆ ಹಾಕಿದೆ. ಒಂದು ಪ್ರತಿಯನ್ನು ಕಾಕಾ ಹಿಂದಿನ ಕೋಣೆಯ ಕೇಸಿನ ಮೇಲೆ ಅಂಟಿಸಿದ್ದಾರೆ.

೧೫ ಜೂನ್, ರವಿವಾರ

ಗುರುವಾರ ಡಾಕ್ಟರ ಹತ್ತಿರ ಹೋಗಬೇಕಿತ್ತಂತೆ, ಪ್ರಸಾದ ಇವತ್ತು ನೆನಪಿಸಿದ. ಸಂತೆಯಲ್ಲಿ ಕೂಗಿ ಕೂಗಿ ದಣಿಯದ ಹಾಗೆ ಪದ್ಮವ್ವನಿಗೂ ತನ್ನ ಫೋನಿನಲ್ಲಿ ಬಳೆಯ ಅಳತೆ ಕೇಳುವ ಕೀಲಿಗಳು ಬೇಕಂತೆ, ಅದರ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ನಾಳೆ ಫೋನ್ ಮಾಡಿ ಬೇರೆ ದಿನ ಕೇಳಬೇಕು.

ಆವಯ್ ಬಸ್ಸಿನವರ ಕೈಯಲ್ಲಿ ಒಂದು ಹಲಸಿನ ಹಣ್ಣು ಕಳಿಸಿದ್ದಾಳೆ. ಹೊರಗೆ ಮಳೆ. ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಕೈಗೆ ಎಣ್ಣೆ ಹಚ್ಚಿಕೊಂಡು ನಾನು ಬಿಡಿಸಲು ಕೂತೆ, ಅತ್ತೆ ತಿನ್ನಲು ಕೂತರು. ಆಗಲೇ ಆವಯ್ ಕರೆ ಬಂತು. ಪ್ರಸಾದ ಸ್ಪೀಕರ್ ಹಾಕಿ ನಡುವೆ ಇಟ್ಟು ಹೊರಗೆ ಹೋದ. ಈಗೀಗ ರವಿವಾರ ಅತ್ತೆಯೂ ಕೂರುತ್ತಾರೆ. ಒಂದು ಮಾತು ತಿಳಿಯದಿದ್ದರೂ ಸರಿಯಾದ ಜಾಗದಲ್ಲಿ ಹೂಂ ಅನ್ನುತ್ತಾರೆ, ಮಾಗಿರ್ ಅನ್ನುತ್ತಾರೆ. ಆವಯ್‌ಗೆ ಅದೇ ಅಭ್ಯಾಸವಾಗಿದೆ.

ಇದೇ ಹಣ್ಣಿನ ಜೋಡಿ ಹಣ್ಣನ್ನು ಕರಡಿ ತಿಂದ ಕಥೆ ಹೇಳುತ್ತಿದ್ದಳು. ಸಂತೆಗೆಂದು ಮರದಲ್ಲೇ ಬಿಟ್ಟಿದ್ದಳಂತೆ. ಬೆಳಗಾಗ ಎದ್ದು ನೋಡಿದರೆ ಕರಡಿ ಬಂದು ಮರದ ಕೆಳಗೆ ಮೂಸುತ್ತಿದೆ. ಅಣ್ಣ ಡಬ್ಬಿ ಬಡಿದ. ಅದು ಓಡುವ ಬದಲು ಮರ ಹತ್ತಿತು. ಕಥೆ ಅಲ್ಲಿಗೆ ಬಂದಿತ್ತು. ಆವಯ್ ಥಟ್ಟನೆ ನಿಂತಳು.

"ಹೊ ಖಂಚೊ ಬಟನ್ ಗೋ?" ಅಂದಳು. ಇದು ಯಾವ ಬಟನ್ನೇ ಎಂದು ಕೇಳುತ್ತಿದ್ದಳು.

ನನಗೆ ತಿಳಿಯಲಿಲ್ಲ. ಎರಡೂ ಕೈ ಮಣಿಕಟ್ಟಿನವರೆಗೆ ಎಣ್ಣೆ, ಹಲಸಿನ ಮೇಣ. ಬಾಯಿ-ಫೋನು ಕಿಟಕಿಯ ಮೇಲೆ ಚಾರ್ಜಿಗೆ ಹಾಕಿತ್ತು. ಆವಯ್ ಕೇಳಿಸಿಕೊಂಡ ಹೂಂ ಅತ್ತೆಯದೇ ಇರಬೇಕೆಂದು ಅವರ ಕಡೆ ನೋಡಿದೆ. ಅವರ ಬಾಯಿ ತುಂಬ ಹಲಸಿನ ತೊಳೆ ಇತ್ತು. ತಾವಲ್ಲ ಎಂದು ತಲೆಯಾಡಿಸಿ, ಕಣ್ಣು ದೊಡ್ಡದು ಮಾಡಿ ನನ್ನ ಕೊರಳಿನ ಕಡೆ ಕೈ ತೋರಿಸಿದರು.

ಆ ಕಡೆ ಸಂತೆಯ ಗದ್ದಲ, ತಗಡಿನ ಮೇಲೆ ಮಳೆ. ಆವಯ್ ಕಾಯುತ್ತಿದ್ದಳು.

ನಾನು ಮತ್ತೊಮ್ಮೆ ಹ್ಮ್ ಅಂದೆ. ಬಂತು. ಸಣ್ಣದು, ಒರಟು, ತುಕ್ಕು ಹಿಡಿದ ಬಾಗಿಲ ಹಾಗೆ ಕಿರಗುಟ್ಟುವ ಹ್ಮ್. ಆದರೆ ನನ್ನದು. ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡರು.

ಆವಯ್ ಅಳುತ್ತಾಳೆ ಅಂದುಕೊಂಡೆ. ಅವಳು ಒಮ್ಮೆ ಮೂಗು ಎಳೆದುಕೊಂಡಳು, ಅಷ್ಟೇ. ಹೂಂ ಹಿಡಿದವರು ಎಚ್ಚರವಿದ್ದರೆ ಕಥೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಕರಡಿಯನ್ನು ಮರದ ಮೇಲೆ ಬಿಟ್ಟಿದ್ದಳಲ್ಲ, ಅಲ್ಲಿಂದಲೇ ಮುಂದೆ ಹೇಳತೊಡಗಿದಳು.